ಸವಿಯುವುದೂ ಕುಡಿಯುವುದೂ

ಕನ್ನಡದಲ್ಲಿ ‘ಕುಡಿ’ ಎಂಬ ಧಾತುವಿಗೆ ಒಂದು ವಿಚಿತ್ರವಾದ ಗತಿ ಒದಗಿದೆ. ನೀರನ್ನು ಕುಡಿಯುತ್ತೇವೆ, ಹಾಲನ್ನು ಕುಡಿಯುತ್ತೇವೆ, ಗಂಜಿಯ ತಿಳಿಯನ್ನೂ ಕುಡಿಯುತ್ತೇವೆ. ಕರ್ಮಪದವು ಜೊತೆಗಿರುವವರೆಗೆ ಈ ಕ್ರಿಯಾಪದವು ನಿರ್ದೋಷಿಯೇ. ಕರ್ಮಪದವನ್ನು ಬಿಟ್ಟು “ಅವನು ಕುಡಿಯುತ್ತಾನೆ” ಎಂದೊಡನೆ ಅದು ಒಬ್ಬ ಮನುಷ್ಯನ ಮೇಲಣ ತೀರ್ಪಾಗಿಬಿಡುತ್ತದೆ. ಸಕರ್ಮಕ ಧಾತುವಿಗೆ ಉದಾಹರಣೆ ಕೊಡುವಾಗ ಈ ವಾಕ್ಯವು ಬಾಯಿಗೆ ಬಂದು, ಹಿಂದಿನ ಬೆಂಚಿನಿಂದ ನಗು ಎದ್ದುದು ಅಧ್ಯಾಪಕ ಬಂಧುಗಳಲ್ಲಿ ಅನೇಕರ ಅನುಭವವಾಗಿರಬಹುದು. ‘ಸವಿ’ ಎಂಬ ಧಾತುವಿಗೆ ಇಂತಹ ಕಳಂಕವಿಲ್ಲ. ಸವಿಯುವವನು ರಸಿಕನು, ಕಾವ್ಯವನ್ನು ಸವಿಯುವವನೂ ಮಾವಿನ ಹಣ್ಣನ್ನು ಸವಿಯುವವನೂ ಒಂದೇ ಪಂಕ್ತಿಯಲ್ಲಿ ಕೂರಬಹುದು.

ಹಾಗಾದರೆ ಮದ್ಯವನ್ನು ಸವಿಯುವವನು ಯಾವ ಪಂಕ್ತಿಯವನು? ಸವಿಯುವುದಕ್ಕೂ ಕುಡಿಯುವುದಕ್ಕೂ ವಸ್ತುತಃ ಭೇದವುಂಟೋ, ಇಲ್ಲವೆ ಉಳ್ಳವರು ತಮ್ಮ ಕುಡಿತಕ್ಕೆ ಹೊದಿಸಿಕೊಂಡ ಶಾಲು ಇದೋ? ಈ ಪ್ರಶ್ನೆಯು ನನಗೆ ಗ್ರಂಥಗಳಿಂದ ಬಂದುದಲ್ಲ. ಕಳೆದ ವರ್ಷ ಬೆಂಗಳೂರಿನಲ್ಲಿ ಕಳೆದ ಒಂದು ಸಂಜೆಯಿಂದ ಬಂದಿತು. ಈ ಪುಟಗಳನ್ನು ವಿದ್ಯಾರ್ಥಿಗಳೂ ಓದುವರೆಂಬುದನ್ನು ನಾನು ಬಲ್ಲೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇದರಲ್ಲಿ ನನ್ನ ಪಾಲಿಗೆ ಬಂದಿರುವ ತಪ್ಪು ತರಗತಿಯೊಳಗೇ ನಡೆದುದಾಗಿದೆ.

ಮದುವೆಯೊಂದರ ನೆಪದಿಂದ ಬೆಂಗಳೂರಿಗೆ ಹೋಗಿದ್ದೆನು. ಕಾಸರಗೋಡಿನ ಕಡೆಯ ಶಾಲೆಯಲ್ಲಿ ನನ್ನ ಕೈಕೆಳಗೆ ಓದಿ ಈಗ ಅಲ್ಲಿ ಇಂಜಿನಿಯರನಾಗಿರುವ ಶಿಷ್ಯನೊಬ್ಬನು ಬಂದು, “ಮಾಷ್ಟ್ರೇ, ಒಂದು ಸಂಜೆ ನನಗೆ ಕೊಡಿ, ಊರು ಈಗ ಹೇಗಿದೆ ಅಂತ ತೋರಿಸ್ತೇನೆ” ಎಂದನು. ಲಾಲ್‌ಬಾಗಿಗೆ ಕರೆದೊಯ್ಯುವನೆಂದು ನಾನೆಣಿಸಿದ್ದೆನು. ಅವನು ಕರೆದೊಯ್ದುದು ಚರ್ಚ್ ಸ್ಟ್ರೀಟಿನ ಸಮೀಪದ ಒಂದು ಪಬ್ಬಿಗೆ. ಅದೂ ಬಿಯರನ್ನು ಹೊರಗಿನಿಂದ ತರಿಸದೆ ತನ್ನಲ್ಲಿಯೇ ತಯಾರಿಸಿ ಬಡಿಸುವ ಬಗೆಯದು. ಅರುವತ್ತೆಂಟು ವರ್ಷ ಮದ್ಯದ ಹನಿಯನ್ನು ಮುಟ್ಟದಿದ್ದ ನಾನು ಬಾಗಿಲಲ್ಲಿಯೇ ನಿಂತುಬಿಟ್ಟೆನು. “ನೀವು ಕುಡಿಯಬೇಡಿ ಮಾಷ್ಟ್ರೇ, ನೋಡಿದರೆ ಸಾಕು” ಎಂದು ಅವನು ಕೈಹಿಡಿದು ಒಳಗೆ ಕರೆದನು.

ನೋಡಲು ಬೇಕಾದಷ್ಟಿತ್ತು. ಗಾಜಿನ ಗೋಡೆಯ ಆಚೆ ಆಳೆತ್ತರದ ಉಕ್ಕಿನ ಹಂಡೆಗಳು ಸಾಲಾಗಿ ನಿಂತಿದ್ದವು. ಬಿಳಿಯ ಮೇಲಂಗಿ ತೊಟ್ಟ ಹುಡುಗನೊಬ್ಬನು ನಮ್ಮ ಮೇಜಿನ ಬಳಿ ಬಂದು, ಜವೆಗೋದಿಯನ್ನು ನೆನೆಹಾಕಿ ಮೊಳಕೆ ಬರಿಸುವುದು, ಮೊಳಕೆಯನ್ನು ಕಾವಿನಿಂದ ಒಣಗಿಸುವುದು, ಪುಡಿಮಾಡಿ ಬಿಸಿನೀರಿನಲ್ಲಿ ಕಲಸಿದಾಗ ಅದರ ಪಿಷ್ಟವು ಸಕ್ಕರೆಯಾಗಿ ಮಾರ್ಪಡುವುದು, ಆ ಸಿಹಿನೀರಿಗೆ ಹಾಪ್ ಎಂಬ ಬಳ್ಳಿಯ ಹೂವನ್ನು ಹಾಕಿ ಕುದಿಸುವುದು, ಆರಿದ ಮೇಲೆ ಯೀಸ್ಟನ್ನು ಬಿಟ್ಟು ಹುದುಗಲು ಇಡುವುದು, ಇವೆಲ್ಲವನ್ನೂ ವಿಜ್ಞಾನದ ಅಧ್ಯಾಪಕನಂತೆ ವಿವರಿಸಿದನು. ನಡುನಡುವೆ ಒಂದು ಸ್ವಾರಸ್ಯವನ್ನೂ ಹೇಳಿದನು: ಬಿಯರಿನಲ್ಲಿ ಜವೆ, ಹಾಪ್, ನೀರು ಈ ಮೂರೇ ಇರತಕ್ಕದ್ದೆಂದು ಬವೇರಿಯದ ದೊರೆಗಳು 1516ರಲ್ಲಿ ಕಟ್ಟಳೆ ಮಾಡಿದರಂತೆ, ಯೀಸ್ಟಿನ ಹೆಸರು ಅದರಲ್ಲಿಲ್ಲ. ಹುದುಗಿಸುವ ಕೆಲಸವನ್ನೆಲ್ಲ ಮಾಡುವ ಜೀವಿಯನ್ನು ಆ ಕಾಲದವರು ಅರಿತಿರಲಿಲ್ಲ. ಲೂಯಿ ಪಾಸ್ಚರನು ಬಿಯರನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದುದು 1876ರಲ್ಲಿ.

ಬಳಿಕ ಒಂದು ಮರದ ಹಲಗೆಯ ಮೇಲೆ ಆರು ಪುಟ್ಟ ಲೋಟಗಳು ಬಂದವು. ಒಣಹುಲ್ಲಿನ ಬಣ್ಣದಿಂದ ಹಿಡಿದು ಕಾಡಿಗೆಯ ಬಣ್ಣದವರೆಗೆ ಆರೂ ಬೇರೆ ಬೇರೆ. ನೋಡಿದರೆ ಸಾಕು ಎಂಬಲ್ಲಿಂದ ಮೂಸಿದರೆ ಸಾಕು ಎಂಬಲ್ಲಿಗೂ, ಅಲ್ಲಿಂದ ತುಟಿ ತಾಗಿಸಿದರೆ ತಪ್ಪೇನು ಎಂಬಲ್ಲಿಗೂ ಹೋಗಲು ನನಗೆ ಅರ್ಧ ಗಂಟೆ ಹಿಡಿಯಿತು. ತುಟಿ ತಾಗಿಸಿದೆನು. ಇದನ್ನು ಮುಚ್ಚಿಟ್ಟು ಮುಂದಿನದನ್ನು ಬರೆದರೆ ಸತ್ಯವಾಗಲಾರದು. ಗೋದಿಯಿಂದ ಮಾಡಿದ ಮೋಡಮೋಡವಾದ ಬಿಯರಿನಲ್ಲಿ ಬಾಳೆಹಣ್ಣಿನ ಮತ್ತು ಲವಂಗದ ಪರಿಮಳವಿತ್ತು. ಇವೆರಡನ್ನೂ ಅದಕ್ಕೆ ಬೆರೆಸುವುದಿಲ್ಲವಂತೆ. ಯೀಸ್ಟು ಹುದುಗುವಾಗ ತಾನಾಗಿ ಹುಟ್ಟಿಸುತ್ತದೆ. ಬಾಳೆಹಣ್ಣಿನಲ್ಲಿರುವ ಐಸೊಅಮೈಲ್ ಅಸಿಟೇಟ್ ಎಂಬ ವಸ್ತುವೇ ಈ ಲೋಟದಲ್ಲಿಯೂ ಇರುವುದರಿಂದ ಮೂಗು ಮೋಸಹೋದುದಲ್ಲ, ಸರಿಯಾಗಿಯೇ ಗುರುತಿಸಿತು. ಕಪ್ಪು ಬಿಯರಿನಲ್ಲಿ ಹುರಿದ ಧಾನ್ಯದಿಂದ ಬಂದ ಕಾಫಿಯ ಕಹಿ. ಮೂರನೆಯದರಲ್ಲಿ ಹಾಪಿನ ಕಹಿ. ಅದು ಕಿತ್ತಳೆಯ ಸಿಪ್ಪೆಯನ್ನು ಹಿಂಡಿದಂತೆ ಮೂಗಿಗೆ ಹತ್ತಿ, ಬಹಳ ಹೊತ್ತು ನಾಲಗೆಯ ಹಿಂಬದಿಯಲ್ಲಿ ಉಳಿಯಿತು. ರಾಗಿಯ ಬಿಯರೂ ಒಂದಿತ್ತು. ಅದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಶಿಷ್ಯನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಮೂಸಿ, ಗುಟುಕು ತೆಗೆದು, ನಡುವೆ ನೀರಿನಿಂದ ಬಾಯಿ ತೊಳೆದು, ಮತ್ತೊಂದಕ್ಕೆ ಹೋಗುತ್ತಿದ್ದನು. ಹಳಗನ್ನಡದ ಪದ್ಯವನ್ನು ಅನ್ವಯಿಸುವಾಗ ಅವನಲ್ಲಿ ನಾನು ಎಂದೂ ಕಾಣದ ಏಕಾಗ್ರತೆಯನ್ನು ಅಲ್ಲಿ ಕಂಡೆನು.

ಅರಿಸ್ಟಾಟಲನ ಮಾತೊಂದು ಆಗ ನೆನಪಾಯಿತು. ನಿಕೊಮಾಕಿಯನ್ ಎಥಿಕ್ಸ್ ಎಂಬ ನೀತಿಗ್ರಂಥದ ಮೂರನೆಯ ಭಾಗದಲ್ಲಿ ಅವನು ಇಂದ್ರಿಯನಿಗ್ರಹವನ್ನು ವಿಚಾರಿಸುತ್ತ, ರುಚಿಗಳನ್ನು ವಿಂಗಡಿಸಿ ನೋಡುವುದು ದ್ರಾಕ್ಷಾಮದ್ಯವನ್ನು ಪರೀಕ್ಷಿಸುವವರ ಮತ್ತು ಅಡುಗೆಯವರ ಕೆಲಸವೆಂದೂ, ಅಸಂಯಮಿಯಾದವನಿಗೆ ಆ ವಿಂಗಡಣೆಯಲ್ಲಿ ಆಸಕ್ತಿಯಿಲ್ಲವೆಂದೂ ಹೇಳುತ್ತಾನೆ. ಹೊಟ್ಟೆಬಾಕನಿಗೆ ಬೇಕಾದುದು ಗಂಟಲಿನಲ್ಲಿ ಇಳಿಯುವ ಸ್ಪರ್ಶಸುಖ; ಆದುದರಿಂದಲೇ ಒಬ್ಬನು ತನ್ನ ಕೊರಳು ಕೊಕ್ಕರೆಯ ಕೊರಳಿಗಿಂತ ಉದ್ದವಾಗಲೆಂದು ಪ್ರಾರ್ಥಿಸಿದನಂತೆ. ಸವಿಯುವುದು ಬುದ್ಧಿಯ ವ್ಯಾಪಾರ, ಕುಡಿಯುವುದು ಗಂಟಲಿನ ವ್ಯಾಪಾರ ಎಂದು ಇದನ್ನು ನಾವು ಅರ್ಥಮಾಡಿಕೊಳ್ಳಬಹುದು. ಭೇದವು ವಸ್ತುತಃ ಉಂಟೆಂದು ನಾನು ಆ ಮೊದಲ ಪಬ್ಬಿನಲ್ಲಿ ಒಪ್ಪಿದೆನು.

ಆದರೆ ಸಂಜೆ ಅಲ್ಲಿಗೆ ಮುಗಿಯಲಿಲ್ಲ. ಮಹಾತ್ಮಾ ಗಾಂಧಿ ರಸ್ತೆಯಿಂದ ಮೆಟ್ರೊ ಹಿಡಿದು ಇಂದಿರಾನಗರದಲ್ಲಿ ಇಳಿದೆವು. ಬೆಂಗಳೂರಿಗೆ ಬಿಯರು ಹೊಸತೇನೂ ಅಲ್ಲ. ದಂಡಿನ ಪ್ರದೇಶದ ಗೋರಾ ಸಿಪಾಯಿಗಳ ಕಾಲದಿಂದ ಅದು ಅಲ್ಲಿದೆ, ಯುನೈಟೆಡ್ ಬ್ರೂವರೀಸ್ ಸ್ಥಾಪಿತವಾದುದು 1915ರಲ್ಲಿ. ಆದರೆ ಪಬ್ಬಿನಲ್ಲಿಯೇ ಬಿಯರ್ ತಯಾರಿಸುವ ಪದ್ಧತಿ 2010ರ ಸುಮಾರಿನದು. ಆ ವರ್ಷ ತೆರೆದ ಟಾಯ್ಟ್ ಎಂಬುದು ಇಂದಿರಾನಗರದಲ್ಲಿಯೇ ಇದೆ. ನಾವು ಹೊಕ್ಕ ಎರಡನೆಯ ಪಬ್ಬಿನಲ್ಲಿ ತಿಂಡಿಗಳು ಮುಖ್ಯವಾದವು: ಈರುಳ್ಳಿ, ನಿಂಬೆರಸ ಬೆರೆಸಿದ ಕಡಲೆಬೀಜ, ಕುಂದಾಪುರದ ಕಡೆಯ ಕೋಳಿ ಗೀ ರೋಸ್ಟ್. ಮೂರನೆಯದಕ್ಕೆ ಹೋಗುವಾಗ ಗಂಟೆ ಹತ್ತಾಗಿತ್ತು. ಅಲ್ಲಿ ಹಲಗೆಯಿರಲಿಲ್ಲ, ಪುಟ್ಟ ಲೋಟಗಳಿರಲಿಲ್ಲ, ಹೂಜಿಗಳಿದ್ದವು. ಯಾರೂ ಬೆಳಕಿಗೆ ಹಿಡಿದು ನೋಡುತ್ತಿರಲಿಲ್ಲ. ಪಕ್ಕದ ಮೇಜಿನ ತರುಣನೊಬ್ಬನು ತನ್ನ ಗೆಳೆಯನ ಹೆಗಲಿಗೆ ಒರಗಿ ಅಳುತ್ತಿದ್ದನು, ಗೆಳೆಯನು ನಗುತ್ತಿದ್ದನು. ಶಿಷ್ಯನ ಮಾತೂ ಸ್ವಲ್ಪ ದೊಡ್ಡದಾಗಿತ್ತು, ಒಂದೇ ಕತೆಯನ್ನು ಎರಡು ಸಲ ಹೇಳಿದನು. ಅರಿಸ್ಟಾಟಲನ ಭೇದವು ನಿಜವೇ ಹೌದು, ಆದರೆ ಅದರ ಆಯುಷ್ಯ ಎರಡು ಅಥವಾ ಮೂರು ಲೋಟದಷ್ಟು. ನಾಲಗೆಯಿಂದ ವಿಂಗಡಿಸಬೇಕಾದ ಬುದ್ಧಿಯನ್ನೇ ಮೊದಲು ಮಂಕುಗೊಳಿಸುವ ಪದಾರ್ಥವನ್ನು ಸವಿಯಹೊರಟವನಿಗೆ ಮಾವಿನ ಹಣ್ಣನ್ನು ಸವಿಯುವವನಿಗಿಲ್ಲದ ಒಂದು ತೊಡಕುಂಟು.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಸಾಧಾರಣವಾದ ಪಾನನಿಷೇಧದ ಪ್ರಬಂಧವಾಗುತ್ತಿತ್ತು. ಹಾಗೆ ನಿಲ್ಲಿಸಲು ಬಿಡದಿದ್ದುದು ಅಲ್ಲಿ ಬಂದ ಒಂದು ತಟ್ಟೆ. ಕಪ್ಪು ಕಲ್ಲಿನ ಹಾಳೆಯ ಮೇಲೆ ಬೇಯಿಸಿದ ಮರಗೆಣಸಿನ ನಾಲ್ಕು ತುಂಡು, ಪಕ್ಕದ ಬಟ್ಟಲಿನಲ್ಲಿ ಕೆಂಪಗಿನ ಮೀನಿನ ಸಾರು. “ಶಾಪಿನ ಊಟ, ಮಾಷ್ಟ್ರೇ!” ಎಂದು ಶಿಷ್ಯನು ಉಬ್ಬಿಹೋದನು. ನಮ್ಮ ಕಡೆಯ ಕಳ್ಳಿನ ಅಂಗಡಿಗಳಲ್ಲಿ ಸಿಗುವ ಊಟವದು. ಮೂವತ್ತನಾಲ್ಕು ವರ್ಷ ಅಂತಹ ಒಂದು ಅಂಗಡಿಯ ಮುಂದೆ ಹಾದು ಶಾಲೆಗೆ ಹೋಗಿದ್ದೆನು. ದಿನವೂ ಮುಖವನ್ನು ಆಚೆ ತಿರುಗಿಸಿಕೊಂಡೇ ಹೋಗಿದ್ದೆನು.

ಅಧ್ಯಾಪಕನಾದ ಮೊದಲ ವರ್ಷಗಳ ಮಾತು. ಎಂಟನೆಯ ತರಗತಿಯಲ್ಲಿ ಮದ್ಯಪಾನದ ಕೇಡುಗಳನ್ನು ಕುರಿತು ಬೋಧಿಸುತ್ತಿದ್ದೆನು. ತಾರುಣ್ಯದ ಆವೇಶ, ಮಾತಿಗೆ ಮಾತು ಕೂಡುತ್ತಿತ್ತು. “ಕಳ್ಳಿನ ಅನ್ನ ಉಣ್ಣುವ ಮನೆಯಲ್ಲಿ ವಿದ್ಯೆ ನಿಲ್ಲುವುದಿಲ್ಲ” ಎಂದುಬಿಟ್ಟೆನು. ಮೂರನೆಯ ಬೆಂಚಿನಲ್ಲಿ ಮೂರ್ತೆಯವನ ಮಗನೊಬ್ಬನಿದ್ದನು. ತೆಂಗಿನ ಮರದಿಂದ ಕಳ್ಳಿಳಿಸುವ ಕಸುಬಿಗೆ ನಮ್ಮಲ್ಲಿ ಮೂರ್ತೆಯೆಂದು ಹೆಸರು. ತರಗತಿಯೆಲ್ಲ ಅವನ ಕಡೆ ತಿರುಗಿ ನಕ್ಕಿತು. ಮರುದಿನದಿಂದ ಹುಡುಗನು ಬರಲಿಲ್ಲ. ವಾರದ ಮೇಲೆ ತಂದೆ ಶಾಲೆಗೆ ಬಂದನು; ಮಡಿಯಾದ ಮುಂಡು ಉಟ್ಟು, ಸೊಂಟದ ಕತ್ತಿಯನ್ನು ಗೇಟಿನ ಹೊರಗೇ ಇಟ್ಟು ಬಂದಿದ್ದನು. ಜಗಲಿಯಲ್ಲಿ ನಿಲ್ಲಿಸಿಯೇ ಮಾತನಾಡಿದೆನು. ಅವನು ತುಳುವಿನಲ್ಲಿ ಹೇಳಿದುದಿಷ್ಟು: “ನಾನು ಕುಡಿಯುವವನಲ್ಲ ಮಾಷ್ಟ್ರೇ, ಇಳಿಸುವವನು. ಕುಡಿದವನು ಮರ ಹತ್ತಿದರೆ ತಿರುಗಿ ಇಳಿಯುತ್ತಾನಾ?” ಗಂಟೆ ಬಾರಿಸಿತು, ನಾನು ತರಗತಿಗೆ ಹೋದೆನು.

ಹೇಳದೆ ಉಳಿದ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ನಮ್ಮ ಹಿತ್ತಿಲಿನ ಆರು ಮರಗಳನ್ನು ನನ್ನ ತಂದೆ ಮೂರ್ತೆಗೆ ಕೊಟ್ಟಿದ್ದರು. ಮರಕ್ಕೆ ಇಷ್ಟೆಂದು ಬಾಡಿಗೆ ಬರುತ್ತಿತ್ತು. ನನ್ನ ಅಧ್ಯಾಪಕ ತರಬೇತಿಯ ಖರ್ಚಿನಲ್ಲಿ ಆ ಬಾಡಿಗೆಯ ಪಾಲಿತ್ತು. ಕಳ್ಳಿನ ಅನ್ನವನ್ನುಂಡ ಮನೆಯಲ್ಲಿ ವಿದ್ಯೆ ನಿಂತಿತ್ತು. ನಿಂತುದರಿಂದಲೇ ನಾನು ಆ ಮೇಜಿನ ಹಿಂದೆ ನಿಂತು ಆ ಮಾತನ್ನಾಡಲು ಸಾಧ್ಯವಾಗಿತ್ತು.

ಚರ್ಚ್ ಸ್ಟ್ರೀಟಿನ ಹುಡುಗನು ವಿವರಿಸಿದ ವಿದ್ಯೆಗೆ ನಾನು ತಲೆದೂಗಿದೆನಲ್ಲ, ಮೂರ್ತೆಯವನ ವಿದ್ಯೆಯೇನು ಕಡಮೆಯದೆ? ಅರಳದ ಹೊಂಬಾಳೆಯನ್ನು ನಾರಿನಿಂದ ಬಿಗಿದು ಕಟ್ಟಿ, ಎಲುಬಿನಿಂದಲೋ ಮರದ ತುಂಡಿನಿಂದಲೋ ದಿನಗಟ್ಟಲೆ ಮೆಲ್ಲಮೆಲ್ಲನೆ ಬಡಿಯಬೇಕು. ಹೊರಗಿನ ಕವಚವು ಒಡೆಯಬಾರದು, ಒಳಗಿನ ಹೂ ನಲುಗಬೇಕು. ಆಮೇಲೆ ತುದಿಯನ್ನು ಕಾಗದದಷ್ಟು ತೆಳುವಾಗಿ ದಿನವೂ ಕೊಯ್ಯಬೇಕು. ದಪ್ಪನಾಗಿ ಕೊಯ್ದರೆ ಹೊಂಬಾಳೆ ಬೇಗ ಮುಗಿದುಹೋಗುತ್ತದೆ. ಕೊಯ್ಯದೆ ಬಿಟ್ಟರೆ ರಸ ನಿಲ್ಲುತ್ತದೆ. ಬೆಳಗೂ ಬೈಗೂ ಹತ್ತಿಳಿಯಬೇಕು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರವಾದರೂ ಸರಿಯೇ. ಮಡಕೆಗೆ ಬಿದ್ದ ಸಿಹಿರಸವನ್ನು ಹುದುಗಿಸುವುದೂ ಯೀಸ್ಟೇ. ಸಾಕರೊಮೈಸಿಸ್ ಸೆರೆವಿಸಿಯೆ ಎಂದು ಶಾಸ್ತ್ರಜ್ಞರು ಕರೆಯುವ, ಬಿಯರಿನ ಹಂಡೆಯಲ್ಲಿ ಕೆಲಸಮಾಡುವ ಜೀವಿಯೇ ಕಳ್ಳಿನ ಮಡಕೆಯಲ್ಲಿಯೂ ಇರುತ್ತದೆ. ದಿನದೊಳಗೆ ಹುದುಗಿದ ಕಳ್ಳಿನಲ್ಲಿ ಮದ್ಯಸಾರವು ನೂರಕ್ಕೆ ನಾಲ್ಕೈದು ಪಾಲು. ಸಾಮಾನ್ಯ ಬಿಯರಿನಲ್ಲಿಯೂ ಹೆಚ್ಚುಕಡಮೆ ಅಷ್ಟೇ. ಜೀವಿಯೊಂದೇ, ಸಾರವೊಂದೇ. ಒಂದನ್ನು ಇಳಿಸುವವನನ್ನು ಜಗಲಿಯಲ್ಲಿ ನಿಲ್ಲಿಸಿದೆನು, ಇನ್ನೊಂದನ್ನು ಮಾಡುವವನಿಗೆ ಎದ್ದು ನಿಂತು ವಂದನೆ ಹೇಳಿದೆನು.

ಸರಕಾರಗಳ ನಡೆಯಲ್ಲಿಯೂ ಇದರ ಛಾಯೆಯುಂಟು. ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಾಲದಲ್ಲಿ, 1948ರಲ್ಲಿ, ಮದ್ರಾಸಿನ ಪಾನನಿಷೇಧವು ಪ್ರಾಂತದ ಎಲ್ಲ ಜಿಲ್ಲೆಗಳಿಗೂ ವ್ಯಾಪಿಸಿತು. ಕೇರಳಕ್ಕೆ ಸೇರಿದ ಬಳಿಕ 1967ರಲ್ಲಿ ತೆರವಾಯಿತು. ಇದು ಉಳ್ಳವರಿಗೂ ಇಲ್ಲದವರಿಗೂ ಒಂದೇ ಕಟ್ಟಳೆ, ಕಾಗದದ ಮೇಲಾದರೂ. ಆದರೆ ಕರ್ನಾಟಕದಲ್ಲಿ ಕರಾವಳಿಯನ್ನು ಬಿಟ್ಟು ಬಹುಭಾಗದಲ್ಲಿ ಸೇಂದಿಯು ನಿಂತುದು 2004ರಲ್ಲಿ, ಸಾರಾಯಿಯು ನಿಂತುದು 2007ರಲ್ಲಿ; ಪಬ್ಬುಗಳ ಗಾಜಿನ ಗೋಡೆಯ ಹಿಂದೆ ಹಂಡೆಗಳು ನಿಂತುದು ಅದಾದ ಮೂರು ನಾಲ್ಕು ವರ್ಷಗಳಲ್ಲಿ. ಒಂದೊಂದಕ್ಕೂ ಅದರದರ ಕಾರಣವಿದ್ದಿತು. ಕಲಬೆರಕೆಯ ಭಯವಂತೂ ಸುಳ್ಳಲ್ಲ. ಆದರೂ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ನೋಡಿದಾಗ ಯಾವ ಲೋಟವು ಮುಚ್ಚಿತು, ಯಾವ ಲೋಟವು ತೆರೆಯಿತು ಎಂಬುದು ಕಾಣದಿರದು.

ಇದಕ್ಕೆ ಪ್ರತ್ಯುತ್ತರವಿಲ್ಲವೆಂದಲ್ಲ. ಇದ್ದುದರಲ್ಲಿ ಬಲವಾದುದನ್ನು ಹೇಳಿದವರು ಹೆಂಗಸರು. ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಮತ್ತು ಸುತ್ತಲಿನ ಊರುಗಳ ಹೆಂಗಸರು 1992ರಲ್ಲಿ ಸಾರಾಯಿಯ ವಿರುದ್ಧ ಎದ್ದುನಿಂತರು. ಮರುವರ್ಷವೇ ಆಂಧ್ರಪ್ರದೇಶದಲ್ಲಿ ಸಾರಾಯಿ ನಿಷಿದ್ಧವಾಯಿತು. ಅವರು ರುಚಿಯ ಮೀಮಾಂಸೆ ಮಾಡಹೋಗಲಿಲ್ಲ. ಗಂಡನ ಕೂಲಿ ಮನೆಗೆ ಬರುತ್ತಿಲ್ಲ, ಬಂದರೆ ಪೆಟ್ಟು ಬರುತ್ತದೆ, ಇಷ್ಟೇ ಅವರ ತರ್ಕ. ಆ ತರ್ಕದ ಮುಂದೆ ‘ಕಳ್ಳಿಗೂ ಬಿಯರಿಗೂ ಸಾರ ಒಂದೇ’ ಎಂಬ ನನ್ನ ಜಾಣತನವು ತಲೆಯೆತ್ತಲಾರದು. ಬಡವನ ಮನೆಯಲ್ಲಿ ಮದ್ಯವು ಅಕ್ಕಿಯ ಡಬ್ಬಿಗೆ ಕೈಹಾಕುತ್ತದೆ. ಮೂರನೆಯ ಪಬ್ಬಿನ ಆ ಅಳುತ್ತಿದ್ದ ತರುಣನ ಮನೆಯಲ್ಲಿ ಅದು ಬಹುಶಃ ಹಾಗೆ ಮಾಡುವುದಿಲ್ಲ. ಅಪರಾಧವು ಸಮಾನವಾದರೂ ಪೆಟ್ಟು ಸಮಾನವಲ್ಲ.

ಹೀಗಿರುವಾಗ ಮಿತಿಯೆಂಬ ಗುಣವನ್ನು ನಾವು ಬಹಳ ಹೊಗಳುವಾಗಲೂ ಎಚ್ಚರವಾಗಿರಬೇಕಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯವನ್ನು ಹೇಳುವ ಪ್ರಕರಣವೊಂದಿದೆ. ಪಾನಗೃಹದಲ್ಲಿ ಅನೇಕ ಕೋಣೆಗಳು, ಬೇರೆಬೇರೆಯಾದ ಆಸನಗಳು, ಗಂಧ, ಮಾಲೆ, ನೀರು, ಋತುವಿಗೆ ತಕ್ಕ ಸುಖಸಾಮಗ್ರಿ ಇರಬೇಕೆಂದು ಅಲ್ಲಿ ಹೇಳಿದೆ. ಮದ್ಯವನ್ನು ಸ್ವಲ್ಪ ಪ್ರಮಾಣದಲ್ಲಿ, ನಡತೆ ತಿಳಿದವರಿಗೆ ಕೊಡಬೇಕೆಂದೂ ಇದೆ. ಓದಿದರೆ ಇಂದಿರಾನಗರದ ವರ್ಣನೆಯೆಂದೇ ತೋರುತ್ತದೆ. ಮಿತಿಗೂ ಆಸನ, ಗಾಳಿ, ಹೊಟ್ಟೆಯೊಳಗೆ ಮೊದಲೇ ಬಿದ್ದ ಊಟ, ಮನೆಗೆ ತಲುಪಿಸುವ ವಾಹನ ಇವೆಲ್ಲ ಬೇಕು. ಆರು ಪುಟ್ಟ ಲೋಟಗಳಲ್ಲಿ ಗುಟುಕು ಗುಟುಕಾಗಿ ಸವಿಯುವ ಸಂಯಮವನ್ನು ಕೊಳ್ಳಲು ದುಡ್ಡು ಬೇಕು. ಆ ಸಂಜೆ ಶಿಷ್ಯನು ಕೊಟ್ಟ ಹಣವು ನನ್ನ ಮೊದಲ ತಿಂಗಳ ಸಂಬಳಕ್ಕಿಂತ ಹೆಚ್ಚಿನದು. ದಿನವಿಡೀ ಮಣ್ಣು ಹೊತ್ತವನು ನಿಂತ ಹೆಜ್ಜೆಯಲ್ಲಿ ಒಂದು ಕುಪ್ಪಿಯನ್ನು ಗಂಟಲಿಗೆ ಸುರಿದುಕೊಂಡು ಹೋಗುವುದನ್ನು ಕಂಡು “ಇವನಿಗೆ ರುಚಿಯೆಂಬುದಿಲ್ಲ” ಎನ್ನುವವರು, ಅವನಿಗೆ ಕುಳಿತುಕೊಳ್ಳಲು ಬೆಂಚಿತ್ತೋ ಎಂದು ವಿಚಾರಿಸಿದವರಲ್ಲ.

ಹಾಗಾದರೆ ಕುಡಿಯಬೇಡವೆಂದು ಹೇಳುವ ಅಧಿಕಾರ ಯಾರಿಗುಂಟು? ಶ್ರೀ ನಾರಾಯಣ ಗುರುಗಳು 1921ರಲ್ಲಿ ಮದ್ಯವನ್ನು ಮಾಡಬಾರದು, ಕೊಡಬಾರದು, ಕುಡಿಯಬಾರದು ಎಂದು ಸಾರಿದರು. ಆ ಸಂದೇಶದಿಂದ ಜೀವನೋಪಾಯಕ್ಕೇ ಪೆಟ್ಟು ಬೀಳುವ ಜನರ ನಡುವೆ ಹುಟ್ಟಿ, ಅವರೊಡನೆ ಬಾಳಿ, ಅವರಿಗಾಗಿ ಗುಡಿಯನ್ನೂ ಶಾಲೆಯನ್ನೂ ಕಟ್ಟಿಸಿದ ಮೇಲೆ ಆಡಿದ ಮಾತದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದನು. ಹೆಂಡ ಮಾರುವ ಕಾಯಕವು ಅವನ ಹೆಸರಿನಲ್ಲಿಯೇ ಉಳಿದಿದೆ, ಅವನನ್ನು ಯಾರೂ ಜಗಲಿಯಲ್ಲಿ ನಿಲ್ಲಿಸಿದಂತೆ ಕಾಣುವುದಿಲ್ಲ. ನಾನಾದರೋ ಮರದ ಬಾಡಿಗೆಯನ್ನು ಉಂಡು ಮರ ಹತ್ತಿದವನಿಗೆ ಬುದ್ಧಿ ಹೇಳಿದವನು. ಶಾಲೆಯ ವಾರ್ಷಿಕೋತ್ಸವದಲ್ಲಿ ರಾಜರತ್ನಂ ಅವರ ರತ್ನನ ಪದಗಳನ್ನು ಮಕ್ಕಳಿಂದ ಹಾಡಿಸಿ ಚಪ್ಪಾಳೆ ತಟ್ಟಿದವನೂ ನಾನೇ. ಕಾವ್ಯದಲ್ಲಿ ಬಂದ ಕುಡುಕನನ್ನು ವೇದಿಕೆಯ ಮೇಲೆ ಕೂರಿಸುವುದು ನಮಗೆ ಕಷ್ಟವಲ್ಲ.

ನನ್ನ ಬೋಧನೆಯಲ್ಲಿದ್ದ ಸಂಗತಿ ಸುಳ್ಳಾಗಿರಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಪೀಡಿಸುವ ವಿಷಯ. ಮದ್ಯದಿಂದ ಕೆಡುಕುಂಟು, ಇಂದೂ ಹಾಗೆಯೇ ಹೇಳುವೆನು. ಸುಳ್ಳು ಹೇಳಿ ಒಬ್ಬನನ್ನು ನೋಯಿಸಿದ್ದರೆ ತಿದ್ದಿಕೊಳ್ಳುವ ದಾರಿ ಸ್ಪಷ್ಟ. ನಿಜವನ್ನೇ ಹೇಳಿ, ಅದನ್ನು ಕೇಳಬೇಕಾಗಿಲ್ಲದವನ ತಲೆಯ ಮೇಲೆ ಹಾಕಿದರೆ, ಯಾವ ಭಾಗವನ್ನು ಹಿಂತೆಗೆದುಕೊಳ್ಳುವುದು?

ಮರಗೆಣಸಿನ ತಟ್ಟೆ ಖಾಲಿಯಾದ ಮೇಲೆ ಶಿಷ್ಯನೊಡನೆ ಆ ಹುಡುಗನ ವಿಷಯ ಕೇಳಿದೆನು. ಇಬ್ಬರೂ ಒಂದೇ ತರಗತಿಯವರು. ಅವನು ಸ್ವಲ್ಪ ಹೊತ್ತು ಲೋಟವನ್ನು ತಿರುಗಿಸುತ್ತಿದ್ದು, “ಎಲ್ಲಿದ್ದಾನೋ ಗೊತ್ತಿಲ್ಲ ಮಾಷ್ಟ್ರೇ. ಆ ದಿನ ನಾವೆಲ್ಲ ನಕ್ಕೆವಲ್ಲ, ಅದು ನೆನಪುಂಟು. ಮೊದಲು ನಕ್ಕದ್ದು ನಾನು” ಎಂದನು. ಆ ಮೇಲೆ ಇಬ್ಬರೂ ಮಾತನಾಡಲಿಲ್ಲ. ಕೊನೆಗೆ ತರಿಸಿದ್ದ ಹುಳಿ ಬಿಯರಿನ ಲೋಟವೊಂದು ಮುಟ್ಟದೆ ಉಳಿದಿತ್ತು. ಅದನ್ನು ಮೂಗಿನ ಬಳಿಗೆ ತಂದಾಗ, ಸಂಜೆ ಹೊತ್ತು ನಮ್ಮ ಗೇಟಿನ ಮುಂದೆ ಸೈಕಲಿನ ಮೇಲೆ ಹಾದುಹೋಗುತ್ತಿದ್ದ ಪೀಪಾಯಿಯ ವಾಸನೆಯೇ ಬಂದಿತು. ಶಿಷ್ಯನು ಹಣ ಕೊಟ್ಟು ಬರುವವರೆಗೆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆನು. ಆಮೇಲೆ ಕೆಳಗಿಟ್ಟು, ಕೊನೆಯ ಮೆಟ್ರೊ ತಪ್ಪಬಾರದೆಂದು ಇಬ್ಬರೂ ಹೊರಟೆವು.